ಸಂತ ಅಲೋಶಿಯಸರ ಹೆಸರು ಹೊತ್ತ ಬಾಸ್ಕೆಟ್‌ಬಾಲ್ ತಂಡ

(ಜೂನ್ 21: ಯುವಜನರ ಪಾಲಕ ಸಂತ ಅಲೋಶಿಯಸ್ ಗೊನ್ಜಾಗರ ಹಬ್ಬ)



ಸಂತ ಅಲೋಶಿಯಸ್ ಗೊನ್ಜಾಗರ ಪ್ರತಿಮೆಯನ್ನು ನಾವೆಲ್ಲರೂ ಒಂದಲ್ಲ ಒಂದು ದೇವಾಲಯದಲ್ಲಿ ನೋಡಿದ್ದೇವೆ. ಕಪ್ಪು ನಿಲುವಂಗಿ, ಅದರ ಮೇಲೆ ಬಿಳಿಯ ಮೇಲಂಗಿ, ಕೈಯಲ್ಲಿ ಶಿಲುಬೆ, ಪಕ್ಕದಲ್ಲಿ ಲಿಲ್ಲಿ ಹೂ, ಪಾದದ ಬಳಿ ಒಂದು ಕಿರೀಟ. ಆ ಕಿರೀಟ ತಲೆಯ ಮೇಲೆ ಇರದೆ ನೆಲದ ಮೇಲೇಕೆ ಇದೆ ಎಂದು ಧರ್ಮೋಪದೇಶ ತರಗತಿಯ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಕಳೆದ ಬಾರಿ ಹಬ್ಬದ ಸಿದ್ಧತೆಯ ಪ್ರಾರ್ಥನೆ ಮುಗಿದ ಮೇಲೆ ಯುವಕರ ಸಂಘದ ಹುಡುಗನೊಬ್ಬ ನಮ್ಮಲ್ಲಿ ಬೇರೊಂದು ಪ್ರಶ್ನೆ ಕೇಳಿದ: "ಫಾದರ್, ಅಮೆರಿಕದಲ್ಲಿ ಗೊನ್ಜಾಗ ಅಂತ ಒಂದು ಬಾಸ್ಕೆಟ್‌ಬಾಲ್ ಟೀಮ್ ಇದೆಯಲ್ಲ, ಅದು ನಮ್ಮ ಸಂತರ ಹೆಸರೇನಾ? ಅಲ್ಲಿ ಕಾಲೇಜು ಹುಡುಗರಿಗೂ ಈಗ ದುಡ್ಡು ಕೊಡ್ತಾರಂತೆ. ಅದು ಸರಿಯಾ, ತಪ್ಪಾ?"

ಹೌದು, ಅದು ನಮ್ಮ ಸಂತರ ಹೆಸರೇ. ಅವನ ಎರಡನೆಯ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರಿಸಲು ಆಗುವುದಿಲ್ಲ. ಆ ತಂಡದಲ್ಲಿ ಆಡುವವರು ಯಾರು, ಕಲಿಸುವವರು ಯಾರು, ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಆಗ ನೆಲದ ಮೇಲಿನ ಆ ಕಿರೀಟದ ಅರ್ಥವೂ ನಮಗೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಹೆಸರನ್ನು ಬಿಟ್ಟುಕೊಟ್ಟವರು

ಅಲೋಶಿಯಸರು 1568ರ ಮಾರ್ಚ್ 9ರಂದು ಇಟಲಿಯ ಕಾಸ್ತಿಲ್ಯೋನೆ ಎಂಬಲ್ಲಿ ಹುಟ್ಟಿದರು. ತಂದೆ ಫೆರಾಂತೆ ಆ ಸಂಸ್ಥಾನದ ಒಡೆಯ. ಅಲೋಶಿಯಸರು ಹಿರಿಯ ಮಗ. ಆಸ್ತಿ, ಪದವಿ, ಸೈನ್ಯ ಎಲ್ಲವೂ ಅವರ ಹೆಸರಿಗೇ ಬರಬೇಕಾಗಿತ್ತು. 1585ರಲ್ಲಿ, ತಮ್ಮ ಹದಿನೇಳನೆಯ ವಯಸ್ಸಿನಲ್ಲಿ, ಅವರು ಆ ಹಕ್ಕನ್ನೆಲ್ಲ ತಮ್ಮನಾದ ರೊಡೋಲ್ಫೊನಿಗೆ ಬರೆದುಕೊಟ್ಟು ರೋಮಿನಲ್ಲಿ ಯೇಸುಸಭೆಯನ್ನು ಸೇರಿದರು. 1591ರಲ್ಲಿ ರೋಮಿಗೆ ಸಾಂಕ್ರಾಮಿಕ ರೋಗ ಬಡಿದಾಗ ಬೀದಿಯಲ್ಲಿ ಭಿಕ್ಷೆ ಬೇಡಿ ರೋಗಿಗಳಿಗೆ ತಂದುಕೊಟ್ಟರು, ಬಿದ್ದವರನ್ನು ಹೊತ್ತು ಆಸ್ಪತ್ರೆಗೆ ಸೇರಿಸಿದರು. ಅದೇ ರೋಗ ತಗಲಿ ಆ ವರ್ಷದ ಜೂನ್ 21ರಂದು ತೀರಿಕೊಂಡಾಗ ಅವರಿಗೆ ಇಪ್ಪತ್ತಮೂರೇ ವರ್ಷ. 1726ರಲ್ಲಿ ವಿಶ್ವಗುರು 13ನೇ ಬೆನೆಡಿಕ್ಟರು ಅವರನ್ನು ಸಂತರೆಂದು ಘೋಷಿಸಿ, 1729ರಲ್ಲಿ ವಿದ್ಯಾರ್ಥಿಗಳ ಪಾಲಕರನ್ನಾಗಿ ಮಾಡಿದರು.

ಇಪ್ಪತ್ತಮೂರು ಎಂದರೆ ಕಾಲೇಜು ಮುಗಿಸುವ ವಯಸ್ಸು. ನಾವು ಇಲ್ಲಿ ಹೇಳಲಿರುವ ಆಟಗಾರರ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ.

ಸ್ಪೊಕ್ಯಾನ್ ಪಟ್ಟಣದ ವಿಶ್ವವಿದ್ಯಾಲಯ

ಅಮೆರಿಕದ ವಾಯವ್ಯ ಭಾಗದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಪೊಕ್ಯಾನ್ ಎಂಬ ಪಟ್ಟಣವಿದೆ. ಸಿಸಿಲಿಯಿಂದ ಹೋದ ಯೇಸುಸಭೆಯ ಗುರು ಜೋಸೆಫ್ ಕಟಾಲ್ಡೊರವರು 1887ರಲ್ಲಿ ಅಲ್ಲಿ ಗೊನ್ಜಾಗ ಕಾಲೇಜನ್ನು ತೆರೆದರು. ಅದಕ್ಕೆ ಏಳು ವರ್ಷ ಮೊದಲು, 1880ರಲ್ಲಿ, ನಮ್ಮ ಮಂಗಳೂರಿನಲ್ಲೂ ಯೇಸುಸಭೆಯವರೇ ಇದೇ ಸಂತರ ಹೆಸರಿನಲ್ಲಿ ಕಾಲೇಜು ತೆರೆದಿದ್ದರು. ಹೀಗೆ ಎರಡೂ ಒಂದೇ ಹೆಸರಿನ ಅಕ್ಕತಂಗಿಯರು.

ಗೊನ್ಜಾಗ ದೊಡ್ಡ ವಿಶ್ವವಿದ್ಯಾಲಯವಲ್ಲ. ಅಮೆರಿಕದ ಕಾಲೇಜುಗಳಿಗೆ ಹೆಚ್ಚು ಹಣ ತರುವ ಆಟವೆಂದರೆ ಅಮೆರಿಕನ್ ಫುಟ್‌ಬಾಲ್. ಅದನ್ನು ಗೊನ್ಜಾಗ ಎರಡನೆಯ ಮಹಾಯುದ್ಧದ ಕಾಲದಲ್ಲೇ ನಿಲ್ಲಿಸಿತು. ಉಳಿದದ್ದು ಬಾಸ್ಕೆಟ್‌ಬಾಲ್. 1990ರ ದಶಕದ ಕೊನೆಯಲ್ಲಿ ಹೊಸ ವಿದ್ಯಾರ್ಥಿಗಳ ಸಂಖ್ಯೆ ಕುಗ್ಗಿ ವಿಶ್ವವಿದ್ಯಾಲಯ ಚಿಂತೆಯಲ್ಲಿದ್ದಾಗ, 1999ರ ಮಾರ್ಚ್ ತಿಂಗಳ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಈ ತಂಡ ಕೊನೆಯ ಎಂಟು ತಂಡಗಳಲ್ಲಿ ಒಂದಾಯಿತು. ದೂರದರ್ಶನದಲ್ಲಿ ದೇಶವೇ ಆ ಹೆಸರನ್ನು ಕೇಳಿತು, ಅರ್ಜಿಗಳು ಬರತೊಡಗಿದವು. ಅಲ್ಲಿಂದ 2025ರವರೆಗೆ, ಕೋವಿಡ್‌ನಿಂದ ಪಂದ್ಯಾವಳಿಯೇ ನಡೆಯದ 2020ನ್ನು ಬಿಟ್ಟರೆ, ಒಂದು ವರ್ಷವೂ ಅದು ಆ ಪಂದ್ಯಾವಳಿಯನ್ನು ತಪ್ಪಿಸಿಕೊಂಡಿಲ್ಲ. 2017ರಲ್ಲಿ ಅಂತಿಮ ಪಂದ್ಯ ತಲುಪಿ ನಾರ್ತ್ ಕೆರೊಲಿನಾದ ಎದುರು 71-65ರಿಂದ ಸೋತಿತು. 2021ರಲ್ಲಿ ಒಂದೂ ಸೋಲಿಲ್ಲದೆ 31 ಪಂದ್ಯಗಳನ್ನು ಗೆದ್ದು, ಕೊನೆಯ ಪಂದ್ಯವನ್ನು ಬೇಲರ್ ತಂಡಕ್ಕೆ 86-70ರಿಂದ ಒಪ್ಪಿಸಿತು.

ಪಟ್ಟಿಯಲ್ಲಿರುವ ಹೆಸರುಗಳು

ಆಟಗಾರರ ಪಟ್ಟಿ ಚಿಕ್ಕದು. ಹಿಂದಿನ ನಿಯಮದಲ್ಲಿ ಪುರುಷರ ತಂಡಕ್ಕೆ 13 ವಿದ್ಯಾರ್ಥಿವೇತನಗಳು ಮಾತ್ರ. ವಿದ್ಯಾರ್ಥಿವೇತನವಿಲ್ಲದೆ, ಸ್ವಂತ ಖರ್ಚಿನಲ್ಲಿ ಓದುತ್ತಾ ತಂಡದೊಡನೆ ಅಭ್ಯಾಸ ಮಾಡುವ ಕೆಲವರೂ ಇರುತ್ತಿದ್ದರು. 2025ರಲ್ಲಿ ಬಂದ ಹೊಸ ವ್ಯವಸ್ಥೆಯನ್ನು ಒಪ್ಪಿದ ಸಂಸ್ಥೆಗಳಲ್ಲಿ ಪಟ್ಟಿಯಲ್ಲೇ 15 ಜನರನ್ನು ಮೀರುವಂತಿಲ್ಲ. ಆ ಹದಿನೈದು ಮಂದಿಗೂ ವಿದ್ಯಾರ್ಥಿವೇತನ ಕೊಡಬಹುದು.

ಪಟ್ಟಿ ತುಂಬುವ ಬಗೆ ಕಾಲಕಾಲಕ್ಕೆ ಬದಲಾಗಿದೆ. ಮೊದಲನೆಯದಾಗಿ, ಊರಿನ ಮಕ್ಕಳು. ಜಾನ್ ಸ್ಟಾಕ್ಟನ್ ಸ್ಪೊಕ್ಯಾನಿನಲ್ಲೇ ಹುಟ್ಟಿ, ಅಲ್ಲೇ ಓದಿ, 1984ರಲ್ಲಿ ವೃತ್ತಿಪರ ಆಟಕ್ಕೆ ಹೋದವರು. ತಾವು ಬುಟ್ಟಿಗೆ ಎಸೆದ ಚೆಂಡಿಗಿಂತ, ಜೊತೆಯವರಿಗೆ ದಾಟಿಸಿ ಅವರಿಂದ ಅಂಕ ಗಳಿಸಿದ ಚೆಂಡಿಗೆ ಅವರು ಹೆಸರಾದರು. ಅಂಥ 15,806 ದಾಟಿಸುವಿಕೆಗಳು ಅವರ ಲೆಕ್ಕದಲ್ಲಿವೆ; ವೃತ್ತಿಪರ ಆಟದಲ್ಲಿ ಅದೇ ದಾಖಲೆ. ಎರಡನೆಯದಾಗಿ, ಪರದೇಶದ ಹುಡುಗರು. ಮಾರ್ಟಿನಿಕ್ ದ್ವೀಪದ ರೋನಿ ತುರಿಯಾಫ್, ಪೋಲೆಂಡಿನ ಪ್ಷೆಮೆಕ್ ಕಾರ್ನೊವ್ಸ್ಕಿ, ಲಿಥುವೇನಿಯದ ಡೊಮಾಂಟಾಸ್ ಸಬೋನಿಸ್, ಜಪಾನಿನ ರುಯಿ ಹಚಿಮುರಾ. ಹಚಿಮುರಾ 2016ರಲ್ಲಿ ಬಂದಾಗ ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಮೂರೇ ವರ್ಷದಲ್ಲಿ ಅವರು ಇಡೀ ದೇಶದ ಹೊಸಬರ ಆಯ್ಕೆಯಲ್ಲಿ ಒಂಬತ್ತನೆಯವರಾದರು. ಮೂರನೆಯದಾಗಿ, ಬೇರೆ ಕಾಲೇಜಿನಿಂದ ವರ್ಗವಾಗಿ ಬರುವವರು. ಅಣ್ಣ ಆಂಡ್ರೂ ನೆಂಬಾರ್ಡ್ ಫ್ಲಾರಿಡಾದಿಂದ ಬಂದರು, ತಮ್ಮ ರಯನ್ ಕ್ರೈಟನ್‌ನಿಂದ ಬಂದರು.

ಈ ಪಟ್ಟಿಯಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾದವರು ಕೆನಡಾದ ಕೆಲ್ಲಿ ಒಲಿನಿಕ್. ಎರಡು ವರ್ಷ ಸಾಧಾರಣವಾಗಿ ಆಡಿದ ಅವರು 2011-12ರ ಇಡೀ ಋತು ಪಂದ್ಯಕ್ಕೆ ಇಳಿಯದೆ ಅಭ್ಯಾಸವನ್ನಷ್ಟೇ ಮಾಡಿದರು. ಮರುವರ್ಷ ರಾಷ್ಟ್ರದ ಶ್ರೇಷ್ಠ ಆಟಗಾರರ ಸಾಲಿಗೆ ಸೇರಿದರು. ಅದೇ ಋತುವಿನಲ್ಲಿ, 2013ರ ಮಾರ್ಚ್‌ನಲ್ಲಿ, ಗೊನ್ಜಾಗ ಮೊದಲ ಸಲ ದೇಶದ ಒಂದನೆಯ ಸ್ಥಾನಕ್ಕೇರಿತು. ಬೀಜ ಮಣ್ಣಿನೊಳಗಿರುವ ಕಾಲವನ್ನು ಯಾರೂ ಚಪ್ಪಾಳೆ ತಟ್ಟಿ ನೋಡುವುದಿಲ್ಲ. ಆದರೆ ಆ ಕಾಲವಿಲ್ಲದೆ ಫಲವಿಲ್ಲ.

ಕಲಿಸುವವರು

ಅಮೆರಿಕದ ಕಾಲೇಜು ತಂಡಕ್ಕೆ ಒಬ್ಬ ಮುಖ್ಯ ತರಬೇತುದಾರ, ಅವನ ಕೈಕೆಳಗೆ ಹಲವು ಸಹಾಯಕರು, ದೇಹದಾರ್ಢ್ಯ ಕಾಯುವವರು, ಗಾಯ ನೋಡುವವರು, ಓದಿನಲ್ಲಿ ಹಿಂದೆ ಬೀಳದಂತೆ ನೋಡಿಕೊಳ್ಳುವವರು ಎಂದು ಒಂದು ದೊಡ್ಡ ಬಳಗವೇ ಇರುತ್ತದೆ. ಸಹಾಯಕರ ಕೆಲಸ ಬರೀ ಆಟ ಹೇಳಿಕೊಡುವುದಲ್ಲ. ಊರೂರು ಅಲೆದು ಹುಡುಗರನ್ನು ಹುಡುಕಬೇಕು, ತಂದೆತಾಯಿಯರನ್ನು ಒಪ್ಪಿಸಬೇಕು.

1999ರ ಗೆಲುವಿನ ನಂತರ ಮುಖ್ಯ ತರಬೇತುದಾರ ಡ್ಯಾನ್ ಮಾನ್ಸನ್ ದೊಡ್ಡ ವಿಶ್ವವಿದ್ಯಾಲಯದ ಕರೆಗೆ ಓಗೊಟ್ಟು ಮಿನೆಸೋಟಾಕ್ಕೆ ಹೋದರು. ಅವರ ಜಾಗಕ್ಕೆ ಬಂದವರು, ಹತ್ತು ವರ್ಷದಿಂದ ಅದೇ ತಂಡದಲ್ಲಿ ಸಹಾಯಕರಾಗಿದ್ದ ಮಾರ್ಕ್ ಫ್ಯೂ. ಇವರು ಆರೆಗಾನ್ ರಾಜ್ಯದ ಒಬ್ಬ ಪ್ರೆಸ್ಬಿಟೇರಿಯನ್ ಸಭಾಪಾಲಕರ ಮಗ. ತಂಡ ಹೆಸರು ಮಾಡಿದ ಮೇಲೂ ಅವರು ಸ್ಪೊಕ್ಯಾನ್ ಬಿಡಲಿಲ್ಲ. ಪರದೇಶದ ಹುಡುಗರನ್ನು ಕರೆತರುವುದರಲ್ಲಿ ನಿಪುಣರಾದ ಟಾಮಿ ಲಾಯ್ಡ್ ಸುಮಾರು ಎರಡು ದಶಕ ಅವರ ಸಹಾಯಕರಾಗಿದ್ದು, 2021ರಲ್ಲಿ ಅರಿಜೋನಾದ ಮುಖ್ಯ ತರಬೇತುದಾರರಾದರು. ಲಿಯಾನ್ ರೈಸ್ 2010ರಲ್ಲಿ ಬಾಯ್ಸಿಗೆ ಹೋದರು. ಇದೇ ತಂಡದಲ್ಲಿ ಆಡಿದ ಬ್ರಯನ್ ಮೈಕಲ್ಸನ್ ಅಲ್ಲಿಯೇ ತರಬೇತುದಾರರಾದರು. ಒಬ್ಬನೇ ಹಿರಿಯನ ಕೆಳಗೆ ಇಷ್ಟು ದೀರ್ಘಕಾಲ ಒಂದು ಬಳಗ ನೆಲೆಗೊಳ್ಳುವುದು ಆ ವೃತ್ತಿಯಲ್ಲಿ ಅಪರೂಪ. ಪಟ್ಟಿಯಲ್ಲಿನ ಹೆಸರುಗಳು ಬಂದು ಹೋಗುವಾಗ ಮನೆಯನ್ನು ಮನೆಯಾಗಿ ಉಳಿಸಿದವರು ಇವರು.

ಹಣದ ದಾರಿ

ಈಗ ಹಣಕ್ಕೆ ಬರೋಣ. ತಂಡದ ಆದಾಯಕ್ಕೆ ಮುಖ್ಯವಾಗಿ ನಾಲ್ಕು ಬಾಗಿಲುಗಳಿವೆ: ಟಿಕೇಟು, ದಾನಿಗಳು, ದೂರದರ್ಶನ, ಜಾಹೀರಾತು. ಗೊನ್ಜಾಗದ ಕ್ರೀಡಾಂಗಣ 2004ರಲ್ಲಿ ತೆರೆಯಿತು; ಅದರಲ್ಲಿ 6,000 ಆಸನಗಳು. ದೊಡ್ಡ ವಿಶ್ವವಿದ್ಯಾಲಯಗಳಿಗೆ ಹೋಲಿಸಿದರೆ ಇದು ಸಣ್ಣದು. ಆದ್ದರಿಂದ ದಾನಿಗಳೂ ದೂರದರ್ಶನವೂ ಇಲ್ಲಿ ಮುಖ್ಯ.

ರಾಷ್ಟ್ರೀಯ ಪಂದ್ಯಾವಳಿಯನ್ನು ನಡೆಸುವ ಎನ್‌ಸಿಎಎ ಎಂಬ ಸಂಘ 2010ರಲ್ಲಿ ಪ್ರಸಾರದ ಹಕ್ಕನ್ನು 14 ವರ್ಷಕ್ಕೆ 1,080 ಕೋಟಿ ಡಾಲರಿಗೆ ಕೊಟ್ಟಿತು. 2016ರಲ್ಲಿ ಅದನ್ನು ಇನ್ನೂ 880 ಕೋಟಿ ಡಾಲರಿಗೆ 2032ರವರೆಗೆ ವಿಸ್ತರಿಸಿತು. ಈ ಹಣದ ಒಂದು ಭಾಗ ಪಾಲುಗಳಾಗಿ ಹಂಚಿಕೆಯಾಗುತ್ತದೆ. ಅಂತಿಮ ಪಂದ್ಯವನ್ನು ಬಿಟ್ಟು, ತಂಡ ಆಡುವ ಪ್ರತಿ ಪಂದ್ಯಕ್ಕೆ ಒಂದು ಪಾಲು. ಒಂದು ಪಾಲಿಗೆ ಆರು ವರ್ಷಗಳಲ್ಲಿ ಒಟ್ಟು ಸುಮಾರು 20 ಲಕ್ಷ ಡಾಲರು. ಅದು ನೇರವಾಗಿ ಕಾಲೇಜಿಗೆ ಬರುವುದಿಲ್ಲ, ಕಾಲೇಜು ಸೇರಿದ ವಲಯ ಒಕ್ಕೂಟಕ್ಕೆ ಬರುತ್ತದೆ. 2021ರಲ್ಲಿ ಆರು ಪಂದ್ಯ ಆಡಿದ ಗೊನ್ಜಾಗ ಐದು ಪಾಲುಗಳನ್ನು ಗಳಿಸಿತು. ಅಂದರೆ ಆರು ವರ್ಷಕ್ಕೆ ಸುಮಾರು ಒಂದು ಕೋಟಿ ಡಾಲರು ಅದರ ಒಕ್ಕೂಟಕ್ಕೆ. ಗಳಿಸುವುದು ಒಬ್ಬರು, ಹಂಚಿಕೊಳ್ಳುವುದು ಹತ್ತು ಮಂದಿ ಎಂಬ ಅಸಮಾಧಾನ ಬೆಳೆದು, 2018ರಲ್ಲಿ ಒಕ್ಕೂಟ ಗೊನ್ಜಾಗಕ್ಕೆ ಹೆಚ್ಚು ಪಾಲು ಸಿಗುವಂತೆ ನಿಯಮ ತಿದ್ದಿತು. 2024ರ ಅಕ್ಟೋಬರ್‌ನಲ್ಲಿ, 2026ರ ಜುಲೈಯಿಂದ ಬೇರೆ ಒಕ್ಕೂಟಕ್ಕೆ ಸೇರುವ ನಿರ್ಧಾರವನ್ನು ಗೊನ್ಜಾಗ ಪ್ರಕಟಿಸಿತು. ಮಹಿಳೆಯರ ಪಂದ್ಯಾವಳಿಗೆ ಇಂಥ ಪಾಲು ದೊರೆಯಲು 2025ರವರೆಗೆ ಕಾಯಬೇಕಾಯಿತು ಎಂಬುದನ್ನೂ ಗಮನಿಸಿ.

ಖರ್ಚೂ ಕಡಿಮೆಯಲ್ಲ. ಗೊನ್ಜಾಗದ ಒಂದು ವರ್ಷದ ಬೋಧನಾ ಶುಲ್ಕವೇ 50,000 ಡಾಲರು ಮೀರಿದೆ. ಅದರ ಮೇಲೆ ಊಟ, ವಸತಿ, ಪ್ರಯಾಣ, ಚಿಕಿತ್ಸೆ. ತಂಡದ ಗಳಿಕೆಯ ನೆರಳಿನಲ್ಲಿ ಓಟ, ದೋಣಿ ಸ್ಪರ್ಧೆ, ಬೇಸ್‌ಬಾಲ್ ಮೊದಲಾದ ಗಳಿಕೆಯಿಲ್ಲದ ಆಟಗಳ ತಂಡಗಳೂ ಬದುಕುತ್ತವೆ. ಮತ್ತೊಂದು ದೊಡ್ಡ ಬಾಬ್ತು ತರಬೇತುದಾರರ ಸಂಬಳ. ಅಮೆರಿಕದ ದೊಡ್ಡ ತಂಡಗಳಲ್ಲಿ ಮುಖ್ಯ ತರಬೇತುದಾರನ ಸಂಬಳ ವಿಶ್ವವಿದ್ಯಾಲಯದ ಅಧ್ಯಕ್ಷರ ಸಂಬಳವನ್ನು ಮೀರುವುದು ಸಾಮಾನ್ಯ ಸಂಗತಿ.

ಹಾಗಾದರೆ ಆಡುವ ಹುಡುಗನಿಗೆ? ವಿದ್ಯಾರ್ಥಿವೇತನ ಬಿಟ್ಟು ಏನೂ ಇಲ್ಲ. ಬಹುಕಾಲ ಇದೇ ನಿಯಮವಾಗಿತ್ತು. "ವಿದ್ಯಾರ್ಥಿ ಕ್ರೀಡಾಪಟು" ಎಂಬ ಪದವೇ 1950ರ ದಶಕದಲ್ಲಿ ಬಳಕೆಗೆ ಬಂದದ್ದು, ಗಾಯಗೊಂಡ ಆಟಗಾರರು ತಮ್ಮನ್ನು ಕೆಲಸಗಾರರೆಂದು ಕರೆದು ಪರಿಹಾರ ಕೇಳದಿರಲಿ ಎಂಬ ಲೆಕ್ಕಾಚಾರವೂ ಸೇರಿ.

ಕೂಲಿಯ ನ್ಯಾಯ

ಈ ನಿಯಮಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದ ದಿನ ಯಾವುದು ಗೊತ್ತೇ? 2021ರ ಜೂನ್ 21, ಸಂತ ಅಲೋಶಿಯಸರ ಹಬ್ಬದ ದಿನ! ಆಲ್‌ಸ್ಟನ್ ಎಂಬ ಆಟಗಾರನ ಹೆಸರಿನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಒಂಬತ್ತೂ ನ್ಯಾಯಾಧೀಶರು ಒಮ್ಮತದಿಂದ, ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಸಂಘ ಮಿತಿ ಹಾಕುವಂತಿಲ್ಲ ಎಂದರು. ಹತ್ತು ದಿನದಲ್ಲಿ, ಜುಲೈ 1ರಿಂದ, ಆಟಗಾರರು ಜಾಹೀರಾತುಗಳಿಂದ ಹಣ ಪಡೆಯಲು ಅನುಮತಿ ಬಂತು. 2024ರಲ್ಲಿ, ಓದಿನಲ್ಲಿ ಹಿಂದೆ ಬೀಳದವರು ಎಷ್ಟು ಬಾರಿಯಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದೆಂದಾಯಿತು. 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ ರಾಜಿಯಂತೆ, 2025-26ರ ಸಾಲಿನಲ್ಲಿ ಒಂದು ವಿಶ್ವವಿದ್ಯಾಲಯ ತನ್ನ ಎಲ್ಲಾ ಆಟಗಳ ಆಟಗಾರರಿಗೆ ಸೇರಿ 2 ಕೋಟಿ 5 ಲಕ್ಷ ಡಾಲರಿನವರೆಗೆ ನೇರವಾಗಿ ಹಂಚಬಹುದು. ಆಗಿನ ವಿನಿಮಯ ದರದಲ್ಲಿ ಅದು ಸುಮಾರು 175 ಕೋಟಿ ರೂಪಾಯಿ. ಹಳೆಯ ಆಟಗಾರರಿಗೆ ಪರಿಹಾರವಾಗಿ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರು ಕೊಡಬೇಕು.

ಆಸ್ತಿಯನ್ನೇ ಬಿಟ್ಟುಕೊಟ್ಟ ಸಂತರ ಹಬ್ಬದಂದು ಹಣದ ತೀರ್ಪು ಬಂದದ್ದು ವಿಪರೀತವಲ್ಲವೇ ಎಂದು ಕೆಲವರು ಕೇಳಬಹುದು. ನಮಗೆ ಹಾಗೆನಿಸುವುದಿಲ್ಲ. ಅಲೋಶಿಯಸರು ಬಿಟ್ಟುಕೊಟ್ಟದ್ದು ತಮ್ಮ ಪಾಲನ್ನು, ಇನ್ನೊಬ್ಬರ ಪಾಲನ್ನಲ್ಲ. ನಾವು ತ್ಯಾಗ ಮಾಡಿದರೆ ಅದು ಪುಣ್ಯ. ಇನ್ನೊಬ್ಬರಿಂದ ಬಲವಂತವಾಗಿ ತ್ಯಾಗ ಮಾಡಿಸಿ ನಾವು ಊಟ ಮಾಡಿದರೆ ಅದು ಅನ್ಯಾಯ. ದುಡಿದವನು ಕೂಲಿಗೆ ಯೋಗ್ಯನೆಂದು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ್ದನ್ನು ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ.

ಇಲ್ಲಿ 1891ನೇ ವರ್ಷವನ್ನು ನೆನಪಿಸಿಕೊಳ್ಳೋಣ. ಅಲೋಶಿಯಸರು ತೀರಿಕೊಂಡು ಆಗ 300 ವರ್ಷ ತುಂಬಿತ್ತು. ಆ ವರ್ಷ ಮೇ ತಿಂಗಳಲ್ಲಿ ವಿಶ್ವಗುರು 13ನೇ ಲಿಯೋರವರು ಕಾರ್ಮಿಕರ ಹಕ್ಕುಗಳ ಬಗ್ಗೆ "ರೇರುಮ್ ನೊವಾರುಮ್" ಎಂಬ ವಿಶ್ವಪತ್ರ ಬರೆದರು. ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅಗತ್ಯವೆಂಬ ಒತ್ತಡಕ್ಕೆ ಸಿಕ್ಕಿ ಒಪ್ಪಿದವನಿಗೆ ಅನ್ಯಾಯವೇ ಆಗಿರಬಹುದು ಎಂಬುದು ಅದರ ಬೋಧನೆ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ದೈವಶಾಸ್ತ್ರ ಓದಿದ್ದ ಜೇಮ್ಸ್ ನೈಸ್ಮಿತ್ ಎರಡು ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಹೊಡೆದು, 13 ನಿಯಮ ಬರೆದು ಬಾಸ್ಕೆಟ್‌ಬಾಲ್ ಆಟವನ್ನು ಆರಂಭಿಸಿದರು. ಧರ್ಮಸಭೆಯ ಕಾರ್ಮಿಕ ಬೋಧನೆ ಮತ್ತು ಈ ಆಟ ಒಂದೇ ವಯಸ್ಸಿನವು. ಅವೆರಡೂ ಮುಖಾಮುಖಿಯಾಗಲು 130 ವರ್ಷ ಬೇಕಾಯಿತು ಅಷ್ಟೇ. 2025ರಲ್ಲಿ ಆಯ್ಕೆಯಾದ ವಿಶ್ವಗುರು 14ನೇ ಲಿಯೋರವರು ಆ ವಿಶ್ವಪತ್ರವನ್ನು ನೆನೆದೇ ತಮ್ಮ ಹೆಸರನ್ನು ಆರಿಸಿಕೊಂಡರು; ಬಾಸ್ಕೆಟ್‌ಬಾಲಿಗೆ ಹೆಸರಾದ ಮತ್ತೊಂದು ಕಥೋಲಿಕ ವಿಶ್ವವಿದ್ಯಾಲಯವಾದ ವಿಲನೋವಾದಲ್ಲಿ ಅವರು 1977ರಲ್ಲಿ ಪದವಿ ಪಡೆದವರು.

ಹೆಸರು, ಸ್ವರೂಪ, ಹೋಲಿಕೆ

ಆಟಗಾರನಿಗೆ ದೊರೆತ ಹೊಸ ಹಕ್ಕನ್ನು ಅಮೆರಿಕದವರು ಮೂರು ಪದಗಳಲ್ಲಿ ಕರೆಯುತ್ತಾರೆ: ಹೆಸರು, ಸ್ವರೂಪ, ಹೋಲಿಕೆ. ಇವುಗಳನ್ನು ಅವನ ಒಪ್ಪಿಗೆಯಿಲ್ಲದೆ ಯಾರೂ ಮಾರಬಾರದು ಎಂದರ್ಥ. ಈ ಮಾತು ನಮಗೆ ಹೊಸದಲ್ಲ. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ, ತನ್ನ ಹೋಲಿಕೆಗೆ ಸರಿಯಾಗಿ ಉಂಟುಮಾಡಿದನೆಂದು ಪವಿತ್ರ ಬೈಬಲಿನ ಮೊದಲ ಪುಟವೇ ಸಾರುತ್ತದೆ. ಆ ಸ್ವರೂಪಕ್ಕೆ ಬೆಲೆ ಕಟ್ಟಬಹುದೆಂದು ಕಾನೂನು ಹೇಳಿದೆ. ಅದು ಬೆಲೆಯನ್ನೂ ಮೀರಿದ್ದು ಎಂದು ಹೇಳಬೇಕಾದವರು ನಾವು.

ಅಪಾಯ ಇರುವುದು ಇಲ್ಲಿಯೇ. ನ್ಯಾಯ ಬಂದ ಬಾಗಿಲಿನಿಂದಲೇ ವ್ಯಾಪಾರವೂ ಒಳಗೆ ಬಂದಿದೆ. ಹೆಚ್ಚು ಕೊಡುವವರ ಕಡೆಗೆ ಹುಡುಗರು ಪ್ರತಿ ವಸಂತದಲ್ಲೂ ಹೊರಡಬಹುದು. ತಂಡವೂ ಕಳೆದ ವರ್ಷದ ಹುಡುಗನಿಗೆ ಬಾಗಿಲು ತೋರಿಸಬಹುದು. ಒಲಿನಿಕ್‌ರಂತೆ ಒಂದು ವರ್ಷ ಬೆಂಚಿನ ಮೇಲೆ ಕುಳಿತು ಬೆಳೆಯುವ ತಾಳ್ಮೆ ಯಾರಿಗಿದೆ? ಪಟ್ಟಿಗೆ ಹದಿನೈದೇ ಹೆಸರೆಂದಾಗ, ಸ್ವಂತ ಖರ್ಚಿನಲ್ಲಿ ಆಡುತ್ತಿದ್ದ ಹದಿನಾರನೆಯವನು ಎಲ್ಲಿಗೆ ಹೋಗಬೇಕು? ಹಣವೆಲ್ಲ ಒಂದೇ ಆಟದ ಕಡೆ ಹರಿದರೆ ದೋಣಿ ಹುಟ್ಟು ಹಾಕುವ ಹುಡುಗಿಯ ಗತಿಯೇನು?

ಒಳ್ಳೆಯ ಕುರಿಗಾಹಿ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಪಟ್ಟಿಯಲ್ಲಿ ಹೆಸರು ಬರೆಯುವುದು ಬೇರೆ, ಹೆಸರು ಹಿಡಿದು ಕರೆಯುವುದು ಬೇರೆ. ಚಿಕಾಗೋದ ಲೊಯೋಲಾ ಕೂಡ ಯೇಸುಸಭೆಯ ವಿಶ್ವವಿದ್ಯಾಲಯ. ಅಲ್ಲಿನ ಪುರುಷರ ಬಾಸ್ಕೆಟ್‌ಬಾಲ್ ತಂಡಕ್ಕೆ ಸಿಸ್ಟರ್ ಜೀನ್ ಡೊಲೋರೆಸ್ ಷ್ಮಿಟ್ ಎಂಬ ಕನ್ಯಾಸ್ತ್ರೀ 1994ರಿಂದ ಆಧ್ಯಾತ್ಮಿಕ ಮಾರ್ಗದರ್ಶಕಿಯಾಗಿದ್ದರು. ಪಂದ್ಯಕ್ಕೆ ಮೊದಲು ಹುಡುಗರೊಡನೆ ಪ್ರಾರ್ಥಿಸುತ್ತಿದ್ದರು, ಪಂದ್ಯ ಮುಗಿದ ಮೇಲೆ ಅವರಿಗೆ ಪ್ರೋತ್ಸಾಹದ ಮಾತು ಬರೆದು ಕಳಿಸುತ್ತಿದ್ದರು. 2018ರಲ್ಲಿ ಆ ತಂಡ ಕೊನೆಯ ನಾಲ್ಕರ ಹಂತ ತಲುಪಿದಾಗ 98 ವರ್ಷದ ಅವರು ಗಾಲಿಕುರ್ಚಿಯಲ್ಲಿ ಕುಳಿತು ಜೊತೆಗಿದ್ದರು. 2025ರ ಅಕ್ಟೋಬರ್ 9ರಂದು, 106ನೇ ವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರೆಹೋದರು. ತಂಡದ ಲೆಕ್ಕಪುಸ್ತಕದಲ್ಲಿ ಇಂಥ ಸೇವೆಗೆ ಯಾವ ಕಲಮೂ ಇಲ್ಲ. ಆದರೂ ಒಂದು ಪಟ್ಟಿಯನ್ನು ಕುಟುಂಬವಾಗಿಸುವುದು ಇದೇ.

ನಮ್ಮ ಅಂಗಳದಲ್ಲಿ

ಪ್ರಿಯರೇ, ನಮ್ಮ ಧರ್ಮಕೇಂದ್ರದ ಆಟದ ಮೈದಾನಕ್ಕೂ ಇದು ಅನ್ವಯಿಸುತ್ತದೆ. ಹಬ್ಬದ ಪಂದ್ಯಾವಳಿಗೆ ನಾವೂ ಪಟ್ಟಿ ಮಾಡುತ್ತೇವೆ, ವಂತಿಗೆ ಎತ್ತುತ್ತೇವೆ. ಮೂರು ಪ್ರಶ್ನೆಗಳನ್ನು ನಮಗೆ ನಾವೇ ಕೇಳಿಕೊಳ್ಳೋಣ. ಒಂದು: ಗೆಲ್ಲುವುದಕ್ಕೆಂದು ಹೊರಗಿನಿಂದ ಆಟಗಾರರನ್ನು ಕರೆಸಿ, ವರ್ಷವಿಡೀ ಅಭ್ಯಾಸಕ್ಕೆ ಬಂದ ನಮ್ಮ ಹುಡುಗನನ್ನು ಬೆಂಚಿನ ಮೇಲೆ ಕೂರಿಸುತ್ತೇವೆಯೇ? ಎರಡು: ನಮ್ಮ ಶಾಲೆಗಳಲ್ಲಿ ಬಿಸಿಲಿನಲ್ಲಿ ನಿಂತು ಆಟ ಕಲಿಸುವ ಶಿಕ್ಷಕರಿಗೆ ನ್ಯಾಯವಾದ ಸಂಬಳವನ್ನು ಸರಿಯಾದ ಸಮಯಕ್ಕೆ ಕೊಡುತ್ತೇವೆಯೇ, ಅಥವಾ ಸೇವೆ ಎಂಬ ದೊಡ್ಡ ಮಾತಿನಿಂದ ಅವರ ಬಾಯಿ ಮುಚ್ಚಿಸುತ್ತೇವೆಯೇ? ಮೂರು: ಸಂತರ ಹೆಸರಿನಲ್ಲಿ ಎತ್ತಿದ ಹಣದ ಲೆಕ್ಕವನ್ನು ದೇವಾಲಯದ ಸೂಚನಾ ಫಲಕದಲ್ಲಿ ಹಾಕುತ್ತೇವೆಯೇ? ಈ ಮೂರನೆಯ ಪ್ರಶ್ನೆ ಮೊದಲು ಗುರುಗಳಾದ ನಮಗೇ ಎಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು.

ಅಲೋಶಿಯಸರ ಬಗ್ಗೆ ಒಂದು ಕಥೆ ಹೇಳುವುದುಂಟು. ವಿರಾಮದ ವೇಳೆಯಲ್ಲಿ ಗೆಳೆಯರೊಡನೆ ಆಡುತ್ತಿದ್ದಾಗ, ಇನ್ನು ಸ್ವಲ್ಪ ಹೊತ್ತಿನಲ್ಲಿ ಲೋಕವೇ ಮುಗಿಯುವುದಾದರೆ ಏನು ಮಾಡುವಿರಿ ಎಂದು ಯಾರೋ ಕೇಳಿದರಂತೆ. ಪ್ರಾರ್ಥನೆಗೆ ಓಡುವೆ ಎಂದರು ಒಬ್ಬರು, ಪಾಪನಿವೇದನೆಗೆ ಹೋಗುವೆ ಎಂದರು ಇನ್ನೊಬ್ಬರು. ಅಲೋಶಿಯಸರು ಮಾತ್ರ, ಈಗಿನ ಕರ್ತವ್ಯ ಆಟ, ಆದ್ದರಿಂದ ಆಡುತ್ತಲೇ ಇರುವೆ ಎಂದರಂತೆ. ಶುದ್ಧ ಮನಸ್ಸಿನಿಂದ ಆಡಿದ ಆಟವೂ ದೇವರ ಮುಂದೆ ಪ್ರಾರ್ಥನೆಯೇ.

ಆ ಹುಡುಗನಿಗೆ ನಾವು ಕೊಟ್ಟ ಉತ್ತರವನ್ನೇ ಇಲ್ಲಿ ಮತ್ತೆ ಹೇಳುತ್ತೇವೆ. ಮಗೂ, ದುಡಿದ ಹುಡುಗನಿಗೆ ಅವನ ಪಾಲು ಕೊಡುವುದು ಸರಿ. ಆದರೆ ಪಾಲು ಕೊಟ್ಟ ಮೇಲೆ ಅವನನ್ನು ಮರೆತುಬಿಡುವುದು ತಪ್ಪು. ನಮ್ಮ ಸಂತರು ಕಿರೀಟವನ್ನು ಕೆಳಗಿಟ್ಟದ್ದು ಕೈ ಖಾಲಿ ಇರಲೆಂದು. ಆ ಖಾಲಿ ಕೈಗಳಿಂದಲೇ ಅವರು ರೋಮಿನ ಬೀದಿಯಲ್ಲಿ ಬಿದ್ದಿದ್ದವನನ್ನು ಎತ್ತಿಕೊಂಡರು.

ಸಂತ ಅಲೋಶಿಯಸರೇ, ನಮ್ಮ ಯುವಕ ಯುವತಿಯರಿಗಾಗಿ ಪ್ರಾರ್ಥಿಸಿರಿ. ಎಲ್ಲರಿಗೂ ಹಬ್ಬದ ಶುಭಾಶಯಗಳು.